ನೀರಿಗಿಳಿಯುವ ಪೆಟ್ಟಿಗೆ

ಸ್ಕೂಬಾ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು ಎಂದು ಗಂಡನೂರು ಹಳೇಕೋಟೆಯಲ್ಲಿ ಬಿಡಿಸಿ ಹೇಳಿ ಹೇಳಿ ಅನುಶ್ರೀಗೆ ಸಾಕುಸಾಕಾಗಿತ್ತು. "ಗ್ಯಾಸ್ ಸಿಲಿಂಡ್ರಾ?" ಎಂದು ಕೇಳದವರೇ ಇಲ್ಲ. ಹೊಳೆನರಸೀಪುರದಲ್ಲಿ ಸ್ಟುಡಿಯೋ ಇಟ್ಟು ನಾಮಕರಣ, ಬೀಗರೂಟಗಳ ಫೋಟೋ ತೆಗೆಯುವ ಹೆಂಗಸು, ಕಳೆದ ವರ್ಷ ಮುರ್ಡೇಶ್ವರ ನೋಡಲು ಹೋದವಳು ಡೈವಿಂಗ್ ಕಲಿತೇ ಬಂದಿದ್ದಳು. ಹುಚ್ಚು ಅಂದರೆ ಹುಚ್ಚೇ, ಇನ್ನೇನು?

2007ರ ನವರಾತ್ರಿಯ ಹೊತ್ತಿಗೆ ಆ ಹುಚ್ಚಿಗೂ ಒಂದು ದಾರಿ ತೆರೆಯಿತು. ಡೈವಿಂಗ್ ಕಲಿಸಿದ ಮೇಷ್ಟ್ರು ಫೋನ್ ಮಾಡಿ, ದಸರಾ ಕಳೆದ ಮೇಲಿನ ಭಾನುವಾರ ಬಂದು ನೀರೊಳಗಿನ ಫೋಟೋ ತೆಗೆದು ತೋರಿಸಿದರೆ ಪ್ರತಿ ಸೀಸನ್ನಿಗೂ ನಿಮ್ಮನ್ನೇ ಕರೆಯುತ್ತೇವೆ ಎಂದರು. ಕ್ಯಾಮೆರಾಗೆ ನೀರು ತಾಗದಂತೆ ಕಾಯುವ ಎರಡು ಹೌಸಿಂಗುಗಳನ್ನೂ ಕಳಿಸಿಕೊಟ್ಟರು. ಒಂದು ದಪ್ಪ ಪ್ಲಾಸ್ಟಿಕ್ಕಿನ ಚೀಲ. ಇನ್ನೊಂದು ಅವಳ ಕ್ಯಾಮೆರಾದ ಅಳತೆಗೇ ಮಾಡಿದ ಗಟ್ಟಿ ಪೆಟ್ಟಿಗೆ. ಪರೀಕ್ಷೆ ಮಾಡಿ ಒಂದನ್ನು ಇಟ್ಟುಕೊಳ್ಳಬೇಕು, ಇನ್ನೊಂದನ್ನು ವಾಪಸ್ಸು ಕೊಡಬೇಕು.

ಅವಳಿಗಿದ್ದದ್ದು ಒಂದೇ ಕ್ಯಾಮೆರಾ. ಅದಕ್ಕೆ ನೀರು ಹೊಕ್ಕರೆ ಸಮುದ್ರವೂ ಹೋಯಿತು, ಸ್ಟುಡಿಯೋನೂ ಹೋಯಿತು.

ಆಯುಧಪೂಜೆಯ ಮಾರನೆಯ ದಿನ ಬೆಳಿಗ್ಗೆ ತೋಟದ ಮೆಟ್ಟಿಲುಬಾವಿಯಲ್ಲಿ ಪರೀಕ್ಷೆ ನಡೆಯಿತು. ಗಂಡ ರವೀಂದ್ರ ಹಗ್ಗ ಹಿಡಿದ. ಅತ್ತೆ ದೊಡ್ಡತಾಯಮ್ಮ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಕೂತರು. ಕ್ಯಾಮೆರಾ ಹಾಕದೆ, ಒಣಗಿದ ಬಿಳಿ ಬಟ್ಟೆಯನ್ನಷ್ಟೇ ಒಳಗಿಟ್ಟು, ಕಲ್ಲು ಕಟ್ಟಿ ಇಳಿಸಿದರು.

ಚೀಲ ಒದ್ದೆಯಾಗಲಿಲ್ಲ. ಆದರೆ ಆಳಕ್ಕೆ ಹೋಗುತ್ತಿದ್ದಂತೆ ನೀರಿನ ಒತ್ತಡಕ್ಕೆ ಮುದುಡಿ ಬಟ್ಟೆಗೆ ಮೆತ್ತಿಕೊಂಡಿತು. ಸಮುದ್ರದಲ್ಲಿ ಹೀಗಾದರೆ ಬಟನ್ ಒತ್ತುವುದು ಕನಸಿನ ಮಾತು.

ಪೆಟ್ಟಿಗೆ ಮೇಲೆ ಬಂತು. ಒಳಗೆ ನೀರು ಲೊಳಕ್ ಅಂದಿತು!

"ಎರಡೂ ದಂಡ," ಎಂದ ರವೀಂದ್ರ. "ಬುಟ್ಟಾಕು. ಫೋನ್ ಮಾಡಿ ಬರಕಿಲ್ಲ ಅನ್ನು."

ಅನುಶ್ರೀಗೆ ಅಳು ಉಕ್ಕಿ ಬಂತು. ಅಳುವುದನ್ನು ಗಂಡನ ಎದುರು ತೋರಿಸಬಾರದೆಂದು ಪೆಟ್ಟಿಗೆ ಬಿಚ್ಚಿ ಬಟ್ಟೆ ಹಿಂಡಿದಳು. ಬಟ್ಟೆ ಕೆಂಪಾಗಿತ್ತು. ಮುಚ್ಚಳದ ಅಂಚಿಗೆ ಕೂರುವ ರಬ್ಬರ್ ಬಳೆಯನ್ನು ಬೆರಳಿನಿಂದ ಸವರಿದರೆ ಬೆರಳೂ ಕೆಂಪು. ಆ ಬಳೆಯ ಮೇಲೆ ಒಂದು ಕೂದಲೆಳೆ ಕೂತರೂ ನೀರು ಒಳಕ್ಕೆ ನುಗ್ಗುತ್ತದೆ.

"ನನಗಿಂತ ಮೊದ್ಲು ಯಾರು ಇದನ್ನ ಬಿಚ್ಚಿದ್ದು?" ಎಂದು ಕೂಗಿದಳು. ದನಿ ಅವಳಿಗೇ ಜೋರಾಯಿತು ಅನ್ನಿಸಿತು.

ದೊಡ್ಡತಾಯಮ್ಮ ಎದ್ದು ನಿಂತರು. "ನಾನೇ ಕಣವ್ವ. ನೆನ್ನೆ ಪೂಜೇಲಿ. ಟ್ರಾಕ್ಟ್ರಿಗೆ ಬಾನೆಟ್ ಎತ್ತಿ ಇಂಜಿನ್ನಿಗೆ ಇಕ್ಕಾಕಿಲ್ವಾ ಕುಂಕುಮ? ಅಂಗೇ ಇದಕ್ಕೂ ಒಳಗೆ ಇಕ್ಕಿದೆ. ನೀನು ಇದನ್ನ ನಂಬ್ಕಂಡು ಸಮುದ್ರಕ್ಕೆ ಇಳಿಯಾಳು. ಮ್ಯಾಲೆ ಮ್ಯಾಲೆ ಪೂಜೆ ಮಾಡುದ್ರೆ ಸಾಕಾ?" ಅವರ ಕಣ್ಣಲ್ಲಿ ನೀರು ತುಂಬಿತ್ತು.

ಅನುಶ್ರೀಗೆ ಸಿಟ್ಟು ಎಲ್ಲಿ ಹೋಯಿತೋ. ಊರೆಲ್ಲ ನಗುತ್ತಿದ್ದಾಗ ಈ ಮುದುಕಿ ಬಾಯಿ ಬಿಡದೆ ತನ್ನ ಹುಚ್ಚಿಗೂ ಕುಂಕುಮ ಇಟ್ಟಿದ್ದಳಲ್ಲ! "ಅಯ್ಯೋ ಅತ್ತೆ, ಪೆಟ್ಟಿಗೆ ಕೆಟ್ಟಿಲ್ಲ ಅಂತ ಗೊತ್ತಾಯ್ತಲ್ಲ, ಅದೇ ದೊಡ್ಡದು," ಎಂದು ನಕ್ಕುಬಿಟ್ಟಳು.

ಇಬ್ಬರೂ ಕೂತು ರಬ್ಬರ್ ಬಳೆಯನ್ನು ತೊಳೆದರು, ಒರೆಸಿದರು, ಜೊತೆಗೆ ಬಂದಿದ್ದ ಗ್ರೀಸನ್ನು ತೆಳ್ಳಗೆ ಸವರಿದರು. ಬೇರೆ ಒಣಬಟ್ಟೆ ಇಟ್ಟು ಮತ್ತೆ ಇಳಿಸಿದರು. ಈ ಸಲ ಬಟ್ಟೆ ಗರಿಗರಿಯಾಗಿ ಹೊರಬಂತು.

ಉಳಿದದ್ದು ಕ್ಯಾಮೆರಾ. ಅದನ್ನು ಒಳಗಿಟ್ಟು ಮುಚ್ಚಳ ಹಾಕಿದ ಅನುಶ್ರೀಗೆ ನೀರಿಗೆ ಮುಳುಗಿಸಲು ಕೈ ಬರಲೊಲ್ಲದು. "ಇವತ್ತು ಬ್ಯಾಡ ಕಣೆ," ಎಂದು ರವೀಂದ್ರನೂ ಅಂದ.

ದೊಡ್ಡತಾಯಮ್ಮ ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟರು. "ಎಷ್ಟೊತ್ತು ಅದನ್ನ ತಬ್ಕಂಡು ನಿಂತೀಯೆ? ನನ್ ಕಾಲಿಂದೇ ಒಂದು ಫೋಟೋ ತಗಿ ಮೊದ್ಲು."

ಅನುಶ್ರೀ ಪೆಟ್ಟಿಗೆಯನ್ನು ಮುಳುಗಿಸಿದಳು. ಬಟನ್ ಒತ್ತಿದಳು. ಹೊರಗೆ ತೆಗೆದು, ಒರೆಸಿ, ಪರದೆ ನೋಡಿದಳು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಹಸಿರು ನೀರಿನಲ್ಲಿ ಎರಡು ಪಾದ, ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ಹಿಮ್ಮಡಿಗೆ ಮುತ್ತಿದ ಮೀನುಮರಿಗಳು.

ಅತ್ತೆ ಪರದೆಗೆ ಮೂಗು ತಾಗಿಸಿ ನೋಡಿದರು. "ಇವು ನನ್ ಕಾಲಾ? ಇಷ್ಟು ಚೆಂದಾಗವಾ?" ಪರದೆಯಿಂದ ಕಣ್ಣೆತ್ತಿ ಕೇಳಿದರು, "ಅಲ್ಲ ಕಣವ್ವ, ಈ ವಯಸ್ಸಿಗೆ ನನ್ನನ್ನ ಸಮುದ್ರುಕ್ಕೆ ಯಾರಾನ ಇಳಿಸ್ತಾರಾ?"

"ಅಮ್ಮೋ!" ಎಂದ ರವೀಂದ್ರ.

ಅನುಶ್ರೀ ಆಗಲೇ ಮೇಷ್ಟ್ರಿಗೆ ಫೋನ್ ಹಚ್ಚಿದ್ದಳು. "ಸಾರ್, ಪೆಟ್ಟಿಗೆ ನಾನು ಇಟ್ಕೋತೀನಿ. ಚೀಲ ವಾಪಸ್ಸು ತರ್ತೀನಿ. ಬರೋ ಭಾನುವಾರ ಬರ್ತಿದ್ದೀವಿ," ಎಂದು ಅತ್ತೆಯ ಮುಖ ನೋಡಿದಳು. "ಇಬ್ಬರು."