ಎಡಕ್ಕೆ ಹೊರಳಿದ ಕುತ್ತಿಗೆ

ವಿಮಾನವನ್ನು ಹತ್ತಿರದಿಂದ ಕಂಡವನಲ್ಲ ನಾನು. ಆದರೂ ಹೇಳಹೊರಟಿದ್ದೇನೆ, ತಪ್ಪಿದ್ದರೆ ಕ್ಷಮಿಸಬೇಕು.

ಕೊಟ್ರಬಸಪ್ಪ ಎರಡೂ ಕೈಯಿಂದ ಹೆಣದ ಗಲ್ಲ ಹಿಡಿದು ತಿರುಗಿಸುತ್ತಿದ್ದ. ಗೋಡೆಗೆ ಒರಗಿಸಿ ಕೂಡಿಸಿದ್ದ ಅಣ್ಣನ ಮಗ ಅಮರಪ್ಪನ ಕುತ್ತಿಗೆ ಎಡಕ್ಕೆ ಹೊರಳಿ ಸೆಟೆದಿತ್ತು. ಯಲಬುರ್ಗಾದ ಹೊರಗೆ, ಎರೆಹೊಲದಲ್ಲಿ ಕುಣಿ ತೋಡಿ ಆಗಿತ್ತು.

“ಮಣ್ಣಾಗ ಕೂಡಿಸೂ ಮುಂದ ಮುಖ ನೆಟ್ಟಗ ಇರಬೇಕು. ಬರ್ಮಾದ ಯುದ್ಧದಿಂದ ಬಂದು ಎರಡು ವರ್ಷಾನೂ ಕುತ್ತಿಗಿ ಹೊರಳಿಸಿ ಹಿಂದ ನೋಡಕೋತನ ಅಡ್ಡಾಡಿದ. ಅಂಜುಬುರುಕ ಅಂತ ಊರು ನಕ್ಕಿದ್ದು ಸಾಲದಾ?”

“ಮುರೀತೈತಿ ಮಾವಾರ, ಬಿಡ್ರಿ,” ಎಂದಳು ಅಮರಪ್ಪನ ಹೆಂಡತಿ ವಿರೂಪಾಕ್ಷಮ್ಮ.

ಯುದ್ಧದಲ್ಲಿ ಅಮರಪ್ಪ ಹಾರಿಸುತ್ತಿದ್ದ ವಿಮಾನಕ್ಕೆ ಮೆಕ್ಯಾನಿಕ್ ಆಗಿದ್ದ ನೂರಸಾಬ ಬಾಗಿಲಿನಿಂದ ಒಳಗೆ ಬಂದ.

“ಅದು ಅಂಜಿಕಿ ಅಲ್ರಿ ಗೌಡ್ರ. ಅದು ಅವರ ಕೆಲಸ.”

“ಹಿಂದ ನೋಡೂದು ಕೆಲಸಾ? ನಮ್ಮ ಎತ್ತಿಗೂ ಪಗಾರ ಕೊಡಸು ಹಂಗಾರ.”

* * *

ಕಾಲೇಜಿನ ರಜೆಯಲ್ಲಿ ಅಮರಪ್ಪ ಅಟ್ಟದ ಮೇಲೆ ನಿಂತು ಜೋಳದ ಹೊಲ ಕಾಯುತ್ತಿದ್ದ. ನೇರ ಹಾರಿದ ಹಕ್ಕಿಗೆ ಕವಣೆಯ ಕಲ್ಲು ತಾಗುತ್ತಿತ್ತು. ಕಲ್ಲು ಬಿಡುವ ಮೊದಲೇ ಹೊರಳಿದ ಹಕ್ಕಿಯತ್ತಲೂ ಗುರಿ ಬದಲಿಸಲು ಅವನಿಗೆ ಸಮಯವಿರುತ್ತಿತ್ತು. ಒಂದು ಬೆಳವ ಮಾತ್ರ, ಕಲ್ಲು ಕೈಬಿಟ್ಟ ಕ್ಷಣವೇ ಅವನತ್ತ ಹೊರಳಿ, ತೆನೆ ಸವರಿಕೊಂಡು ಪಾರಾಯಿತು.

೧೯೪೪ರಲ್ಲಿ, ಬರ್ಮಾದ ಯುದ್ಧದಲ್ಲಿ, ಅವನ ವಿಮಾನ ನಿಧಾನದ್ದು, ಬೆನ್ನಟ್ಟುವ ಜಪಾನಿಯದು ವೇಗದ್ದು. ಅಮರಪ್ಪ ಕುತ್ತಿಗೆ ಹೊರಳಿಸಿ ನೋಡುತ್ತ, ಗುಂಡು ಹಾರುವಷ್ಟು ಹತ್ತಿರ ಬರುವವರೆಗೆ ಕಾಯುತ್ತಿದ್ದ. ಆಮೇಲೆ ಆ ಜಪಾನಿಯತ್ತಲೇ ಹೊರಳಿ ಮರಗಳ ಮಟ್ಟಕ್ಕೆ ಇಳಿಯುತ್ತಿದ್ದ. ವೇಗದವನು ಮುಂದಕ್ಕೆ ಹಾದುಹೋಗುತ್ತಿದ್ದ.

ಇದನ್ನು ಜೊತೆಗೆ ಹಾರುತ್ತಿದ್ದ ಆರು ಮಂದಿಗೂ ಕಲಿಸಿದ. ಕುಷ್ಟಗಿಯ ಹೇಮಪ್ಪ ಕಾಯಲಾರದೆ ಬೇಗ ಹೊರಳಿದ.

* * *

“ಹೇಮಪ್ಪ ಹೋದ ದಿನ,” ಎಂದ ನೂರಸಾಬ, ಯುದ್ಧದ ಕತೆ ಹೇಳುತ್ತ, “ಸಾಹೇಬ್ರು ವಿಮಾನ ಇಳಿಸಿದ ಮ್ಯಾಲೂ ಹಿಂದ ನೋಡಕೋತ ಕುಂತಿದ್ರು. ನಾನ ಕೈ ಹಿಡದು ಕೆಳಗ ಇಳಿಸಿದೆ. ಅವರ ಕಡೆ ಕಲತು ಉಳದ ಐದೂ ಮಂದಿ ಇವತ್ತಿಗೂ ಜೀವಂತ ಅದಾರ್ರೀ.”

ಕೊಟ್ರಬಸಪ್ಪನ ಕೈ ಗಲ್ಲದಿಂದ ಜಾರಿತು.

“ನನಗ್ಯಾಕ ಹೇಳಲಿಲ್ಲ ಅಂವ?”

“ನೀವು ಕೇಳಲಿಲ್ರಿ,” ಎಂದಳು ವಿರೂಪಾಕ್ಷಮ್ಮ.

ಮಧ್ಯಾಹ್ನ ಅಮರಪ್ಪನನ್ನು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಇದ್ದ ಹಾಗೆಯೇ ಕೂಡಿಸಿದರು. ಮೂಗು ಮಣ್ಣಿಗೆ ಒತ್ತುತ್ತಿತ್ತು. ಕೊಟ್ರಬಸಪ್ಪ ತಾನೇ ಕೆಳಗಿಳಿದು, ಮುಖಕ್ಕೆ ಜಾಗವಾಗುವಂತೆ ಎಡಗೋಡೆಯನ್ನು ಬೆರಳಿನಿಂದ ಒಂದು ಗೇಣು ಕೆರೆದ.

ಆ ಎರಡು ವರ್ಷ ಅಮರಪ್ಪ ಹಿಂದೆ ನೋಡುತ್ತಿದ್ದದ್ದು ಬರುವ ಶತ್ರುವನ್ನೋ, ಬಾರದ ಹೇಮಪ್ಪನನ್ನೋ, ನನಗೆ ಗೊತ್ತಿಲ್ಲ.