ಮಿಶ್ರಿ ಹಂಚು

ಹೌಸಾಬಾಯಿ ತನ್ನ ತಗಡಿನ ಡಬ್ಬಿಯ ಮುಚ್ಚಳ ಕಿತ್ತು ತಾರವ್ವನ ಮೂಗಿನ ಕೆಳಗೇ ಹಿಡಿದಳು.

“ಮೂಸಿ ನೋಡು. ನೋಡಿ ಖರೇ ಹೇಳು. ನಿಮ್ಮವ್ವನ ಮಿಶ್ರಿಗೆ ಈ ವಾಸನಿ ಬರತೈತೇನು?”

ತಾರವ್ವನಿಗೆ ಜೋರಾಗಿ ಸೀನು ಬಂತು. ಹಿಂದೆ ನಿಂತ ಹೆಂಗಸರೆಲ್ಲ ನಕ್ಕರು. “ಸೀನಿದ್ಲಂದ್ರ ಪಾಸಾತು ತುಗೋ,” ಅಂದಳು ಒಬ್ಬಳು. ಇಚಲಕರಂಜಿಯ ಆ ಓಣಿಯಲ್ಲಿ ಮಗ್ಗಗಳ ಸದ್ದಿಗೆ ಮೆಲ್ಲಗೆ ಮಾತಾಡುವುದು ಯಾರಿಗೂ ಬರುತ್ತಿರಲಿಲ್ಲ. ಮೆಲ್ಲಗೆ ನಗುವುದಂತೂ ದೂರವೇ ಉಳಿಯಿತು. ಡಬ್ಬಿ, ಕರಡಿಗೆ, ಮುಕ್ಕಾದ ಬಟ್ಟಲು ಹಿಡಿದವರ ಸಾಲು ತಾರವ್ವನ ಅವ್ವ ಮಲಕವ್ವನ ಬಾಗಿಲಿಂದ ನಳದ ತನಕ ಹೋಗಿತ್ತು.

ತಾರವ್ವನಿಗೆ ಏನೂ ತಿಳಿಯಲಿಲ್ಲ. ನಿನ್ನೆ ಇವರೇ ಅವಳ ಮುಖದ ಮೇಲೆ ಬಾಗಿಲು ಹಾಕಿಕೊಂಡಿದ್ದರು.

ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವ ಹಾಗೆ ಹುರಿದು ಕುಟ್ಟಿದರೆ ಮಿಶ್ರಿ. ಬೆರಳಿಗೆ ಹಚ್ಚಿ ಹಲ್ಲು ತಿಕ್ಕದೆ ಅಲ್ಲಿಯ ಹೆಣ್ಣುಮಕ್ಕಳಿಗೆ ಬೆಳಗಾಗುತ್ತಿರಲಿಲ್ಲ. ತಿಕ್ಕಿದರೆ ಹಸಿವೆಯೂ ಒಂದಿಷ್ಟು ಸಾಯುತ್ತಿತ್ತು. ಉಣ್ಣಲು ಬಿಡದೆ ಪಾಳಿಯ ಮೇಲೆ ಪಾಳಿ ದುಡಿಸುವ ಮಗ್ಗದ ಮಾಲಕರಿಗೂ ಅದು ಚೆನ್ನಾಗಿಯೇ ಗೊತ್ತಿತ್ತು.

ತಾರವ್ವ ಮುಂಬಯಿಯಲ್ಲಿ ಕ್ಯಾನ್ಸರ್ ಸಂಶೋಧನೆ ನಡೆಯುವ ಕಡೆ ಕೆಮಿಸ್ಟ್. ಹೆಸರಿಗೆ ಕೆಮಿಸ್ಟ್, ಅಷ್ಟೇ. ಸೇರಿದಂದಿನಿಂದ ಬೇರೆಯವರ ಗಾಜಿನ ನಳಿಕೆ ತೊಳೆದಿದ್ದಳು, ಬೇರೆಯವರ ಇಲಿ ತೂಗಿದ್ದಳು, ತಾನು ಕಂಡುಹಿಡಿದದ್ದು ಬೇರೆಯವರ ಹೆಸರಲ್ಲಿ ಅಚ್ಚಾಗಿ ಬಂದಾಗ ಚಹಾ ತಂದುಕೊಟ್ಟಿದ್ದಳು. ಕಡೆಗೊಂದು ದಿನ, ‘ನಮ್ಮ ಕಡೆ ಮಿಶ್ರಿ ಅಂತ ಇದೆ, ಅದರಲ್ಲೇನಿದೆ ನಾನು ನೋಡುತ್ತೇನೆ’ ಎಂದು ದೊಡ್ಡ ಸಾಹೇಬರ ಮುಂದೆ ನಿಂತಳು. ಸಾಹೇಬರು ನಕ್ಕರು. ಅಂಗಡಿಯದು ಬೇಡ, ಮನೆಮನೆಯಲ್ಲಿ ಹುರಿದದ್ದು ಬೇಕು, ಸೋಮವಾರ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ಈ ಕೆಲಸ ಇನ್ನೊಬ್ಬರಿಗೆ ಎಂದರು.

ನಿನ್ನೆ ಮನೆಮನೆಗೆ ಹೋಗಿ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಒಬ್ಬಳೂ ಚಿಟಿಕೆ ಕೊಡಲಿಲ್ಲ. ಮನೆಗೆ ಬಂದರೆ ಅವ್ವ ಬೆಂಕಿಯಾಗಿದ್ದಳು. ಗಂಡ ಸತ್ತ ಮೇಲೆ ಮಲಕವ್ವ ಗಡಹಿಂಗ್ಲಜದ ಸಂತೆಯಿಂದ ಎಲೆ ತಂದು, ಹುರಿದು, ಓಣಿ ಓಣಿ ಮಾರಿ ಮಗಳನ್ನು ಕೊಲ್ಲಾಪುರದ ಕಾಲೇಜಿಗೆ ಹಾಕಿದವಳು.

“ಇದ ವಿಷ ಅಂತ ಹೇಳಕೋತ ತಿರಗತೀಯಲ್ಲ, ಇದರ ಮ್ಯಾಲ ಕಲತಾಕಿ ನೀನು. ಹಂಗಾರ ನೀನೂ ವಿಷಾನ?”

ತಾರವ್ವ ತಲೆ ತಗ್ಗಿಸಿ ರೊಟ್ಟಿ ಮುರಿದಿದ್ದಳು. ಮಣ್ಣಿನ ರೊಟ್ಟಿಹಂಚು ಬಿರುಕು ಬಿಟ್ಟು ರೊಟ್ಟಿ ಒಂದು ಕಡೆ ಕರಕಲು, ಒಂದು ಕಡೆ ಹಸಿ. ಗೋಡೆಗೆ ಒರಗಿಸಿದ ಕಬ್ಬಿಣದ ಹಂಚು ಗಟ್ಟಿಮುಟ್ಟಾಗಿತ್ತು. ಆದರೆ ಅದು ಮಿಶ್ರಿಯ ಹಂಚು. ಅದರ ಮೇಲೆ ರೊಟ್ಟಿ ಹಾಕಲು ಅವ್ವ ಯಾವತ್ತೂ ಬಿಟ್ಟಿರಲಿಲ್ಲ.

“ಇವತ್ತ ಕೊಡಾಕ ಬರ್ರಿ ಅಂತ ಯಾರ ಹೇಳಿದ್ರ ಕಾಕು?” ಎಂದು ಈಗ ತಾರವ್ವ ಹೌಸಾಬಾಯಿಯನ್ನು ಕೇಳಿದಳು.

“ಯಾರಂದ್ರ? ನಿಮ್ಮವ್ವನ,” ಅಂದಳು ಹೌಸಾಬಾಯಿ. “ನಳದ ಹಂತ್ಯಾಕ ಹೇಳಿದ್ಲು. ನಿನ್ನಿ ನೀ ಹೇಳಿದ್ದು ಚೇಷ್ಟಿ ಅಂತ. ಯಾರ ಕೈಯಾಂದು ಒಂದ್ ನಂಬರ್ ಅಂತ ಮುಂಬೈದಾಗ ನೋಡ್ತಾರಂತ.”

ತಾರವ್ವ ಒಳಗೆ ನೋಡಿದಳು. ಅವ್ವ ಒಲೆ ಊದುತ್ತಿದ್ದಳು. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

ಚೀಲ ಬಾಯಿ ತೆರೆದುಕೊಂಡು ಕೂತಿತ್ತು. ಅವ್ವನ ಸುಳ್ಳಿಗೆ ಹೂಂ ಅಂದರೆ ಮುಗಿಯಿತು. ತಾರವ್ವ ಹೌಸಾಬಾಯಿಯ ಡಬ್ಬಿ ಇಸಿದುಕೊಂಡಳು, ಮುಚ್ಚಳ ಹಾಕಿದಳು, ಆಮೇಲೆ ತಿರುಗಿ ಅವಳ ಕೈಗೇ ಇಟ್ಟಳು.

“ನಂಬರ್ ಕೊಡೂದಲ್ಲ ಕಾಕು. ನಿನ್ನಿ ಹೇಳಿದ್ದ ಖರೇ. ಇದರಾಗಿನ ಎಣ್ಣಿ ತಗದು ಇಲಿ ಬೆನ್ನಿಗೆ ಹಚ್ಚತೀವಿ. ಗಂಟು ಏಳತೈತೇನ ನೋಡತೀವಿ. ಎದ್ರ, ಇದನ್ನ ಬಾಯಾಗ ಹಾಕಬ್ಯಾಡ್ರಿ ಅಂತ ಹೇಳಾಕಿ ನಾನ.”

ಸಾಲಿನಲ್ಲಿದ್ದವರು ಡಬ್ಬಿಗಳ ಮುಚ್ಚಳ ಬಿಗಿ ಮಾಡಿಕೊಂಡರು. ಎದುರಿನ ಕಟ್ಟೆಯಿಂದ ಭರಮಪ್ಪ ಬೀಡಿಯ ಹೊಗೆ ಬಿಟ್ಟ. ಮಗ್ಗದ ಕೆಲಸ ಬಿಟ್ಟು ಕಟ್ಟೆ ಕಾಯುವುದನ್ನೇ ಕಸುಬು ಮಾಡಿಕೊಂಡವನು, ಸಂಬಂಧದಲ್ಲಿ ಅವಳ ಸೋದರಮಾವ.

“ಹೆಣ್ಣಮಕ್ಕಳನ್ನ ಸಾಳಿಗೆ ಹಾಕಿದ್ರ ಇದ ಆಗೂದು. ಇಲಿಗೆ ಎಣ್ಣಿ ತಿಕ್ಕಾಕ ಬಿ.ಎಸ್ಸಿ. ಯಾಕ ಬೇಕಾಗಿತ್ತವಾ?”

“ಮಾಮಾ, ಆ ಬೀಡಿನೂ ಇತ್ತಾಗ ಕೊಡ್ರಿ,” ಅಂದಳು ತಾರವ್ವ. “ನಮ್ಮಲ್ಲಿ ಒಂದ್ ಇಲಿ ಹೆಚ್ಚಿಗಿ ಐತಿ.”

ಮೊದಲು ನಕ್ಕವಳು ಮುದಕವ್ವ. ಹಲ್ಲಿಲ್ಲದ ಬಾಯಿ ತೆರೆದು, ಕೋಲಿನ ಮೇಲೆ ಬಾಗಿ, ಕೆಮ್ಮು ಬರುವಷ್ಟು ನಕ್ಕಳು. ಓಣಿಗೆಲ್ಲ ಹಿರಿಯಳು ಅವಳು, ಎಲ್ಲರಿಗೂ ಆಯಿ.

“ಅಲ್ಲವಾ, ಬೆನ್ನಿಗ್ಯಾಕ ಹಚ್ಚತೀ? ಇಲಿಗೆ ಹಲ್ಲಿಲ್ಲೇನು?”

“ನಿನಗೂ ಇಲ್ಲಲ್ಲ ಆಯಿ.”

“ಅದಕ್ಕ ಒಸಡಿಗೆ ತಿಕ್ಕತೇನಿ.” ಮುದಕವ್ವ ಸೊಂಟದ ಚೀಲದಿಂದ ಕರಡಿಗೆ ತೆಗೆದಳು. ನಗು ಇನ್ನೂ ಮುಖದ ಮೇಲಿತ್ತು. “ಹಲಕರ್ಣಿ ಊರಾಗ ನಮ್ಮಕ್ಕ ಗಲ್ಲದಾಗ ಹುಣ್ಣಾಗಿ ಸತ್ಲು. ದೇವರ ಸಿಟ್ಟು ಅಂದ್ರು, ಕ್ವಾಣ ಕಡಿರಿ ಅಂದ್ರು. ಯಾಕ ಆತು ಅಂತ ಒಂದ ಮಗಾ ಕೇಳಲಿಲ್ಲ. ಇದೊಂದು ಕೇಳಾಕತ್ತೈತಿ. ಹಿಡಿ.”

ಅವಳದು ಚೀಲಕ್ಕೆ ಬಿತ್ತೋ ಇಲ್ಲವೋ, ಹೌಸಾಬಾಯಿ ಮುಂದೆ ನುಗ್ಗಿದಳು. “ಆಯಿದು ತುಗೊಂಡು ನಂದ ಬಿಡ್ತೀಯೇನು? ಆಯಿ ಮಿಶ್ರಿಗೆ ಇಲಿ ಮೂಗ ಮುಚ್ಚಕೊಂತೈತಿ.” ಆಮೇಲೆ ಯಾರು ಯಾರ ಕಾಲು ತುಳಿದರು ಹೇಳಲಾಗದು. ತಾರವ್ವ ಡಬ್ಬಿಗಳಿಗೆ ಹೆಸರಿನ ಚೀಟಿ ಅಂಟಿಸುತ್ತ, ಸೀನುತ್ತ, ನಗುತ್ತ, ಕಣ್ಣೊರೆಸಿಕೊಳ್ಳುತ್ತ ಮಧ್ಯಾಹ್ನ ಮಾಡಿದಳು. ಚೀಲದ ಹೊಲಿಗೆ ಬಿಟ್ಟಿತು.

“ಮಲಕವ್ವಾ, ನಿಂದೆಲ್ಲಿ?” ಎಂದು ಯಾರೋ ಕೂಗಿದರು.

“ನಂದು ನಿಮ್ಮ ಬಾಯಾಗ ಐತಲ್ಲ,” ಅಂದಳು ಮಲಕವ್ವ ಒಳಗಿನಿಂದಲೇ. ಹೊರಗೆ ಬರಲಿಲ್ಲ.

ಮರುದಿನ ರವಿವಾರ. ತಾರವ್ವನಿಗೆ ಎಚ್ಚರವಾದಾಗ ಮನೆಯಲ್ಲಿ ತಂಬಾಕಿನ ಹೊಗೆ ಇರಲಿಲ್ಲ. ಹಿತ್ತಲಲ್ಲಿ ಅವ್ವ ಇಟ್ಟಂಗಿ ಚೂರಿನಿಂದ ಏನನ್ನೋ ಗಸಗಸ ತಿಕ್ಕುತ್ತಿದ್ದಳು. ಮಗಳು ಸೀರೆ ಉಟ್ಟು ಹೊರಡುವ ಹೊತ್ತಿಗೆ ಒಳಗೆ ಬಂದು ಬುತ್ತಿಯ ಗಂಟು ಕೈಗಿಟ್ಟಳು. ಅದರ ಮೇಲೆ ತನ್ನ ದೊಡ್ಡ ಡಬ್ಬಿ, ಕಂಠದ ತನಕ ತುಂಬಿದ್ದು.

“ಯವ್ವಾ, ಇದು ಮಾರೂದಲ್ಲೇನ?”

“ಮೊದಲ ಇಲಿಗೆ ನಂದ ಹಚ್ಚಬೇಕ ನೋಡು,” ಅಂದಳು ಮಲಕವ್ವ. “ಗಂಟು ಎದ್ರ ನಂದರಿಂದ ಏಳಲಿ. ಆ ಹೌಸಿದರಿಂದ ಎದ್ದೀತು ಮತ್ತ.”

ಕೊಲ್ಲಾಪುರದ ಬಸ್ಸು ಕಬ್ಬಿನ ಹೊಲಗಳ ನಡುವೆ ಓಡುತ್ತಿತ್ತು. ತಾರವ್ವ ಕಾಲುಗಳ ನಡುವೆ ಚೀಲ ಒತ್ತಿ ಹಿಡಿದು ಬುತ್ತಿ ಬಿಚ್ಚಿದಳು. ರೊಟ್ಟಿ ತುಂಬು ಗುಂಡಗೆ ಉಬ್ಬಿ ಬೆಂದಿತ್ತು. ಎಲ್ಲೂ ಕರಕಲಿಲ್ಲ, ಎಲ್ಲೂ ಹಸಿಯಿಲ್ಲ. ಮೂಗಿನ ಹತ್ತಿರ ಹಿಡಿದಳು. ಎಷ್ಟು ತಿಕ್ಕಿದರೂ ಹಂಚಿನಿಂದ ಹೋಗದ ತಂಬಾಕಿನ ವಾಸನೆ ಅಂಚಿನಲ್ಲಿ ಒಂದು ಎಳೆಯಷ್ಟು ಉಳಿದಿತ್ತು. ಪಕ್ಕದಲ್ಲಿ ಕೂತವಳು ತಿರುಗಿ ನೋಡುವ ಹಾಗೆ ಅವಳಿಗೆ ಸೀನು ಬಂತು.