ಮಸಿ ಹಿಡಿದ ಹಲಗೆ

ಹುವಾಲಿಯೆನ್‌ನಲ್ಲಿ ನಮ್ಮ ದ್ವೀಪವನ್ನು ಆಳುತ್ತಿದ್ದಾಗ ಜಪಾನಿಗಳು ರೈಲ್ವೆ ನೌಕರರಿಗೆಂದು ಕಟ್ಟಿದ್ದ ಮರದ ಮನೆಗಳನ್ನು ಈಗ ಪ್ರವಾಸಿಗರ ತಂಗುಮನೆ ಮಾಡುತ್ತಿದ್ದಾರೆ. ಅವುಗಳಲ್ಲಿ ಮೂರನೆಯದರಲ್ಲೇ ನಾನು ಹುಟ್ಟಿದ್ದು. ಅಪ್ಪ ರೈಲು ಇಂಜಿನ್ ಫಿಟ್ಟರ್, ಜಪಾನಿಗಳು ಹೋದ ಮೇಲೆ ಆ ಮನೆ ನಮಗೆ ಸಿಕ್ಕಿತ್ತು. "ಹಿಂದೆ ಹೇಗಿತ್ತೋ ಹಾಗೇ ಮಾಡ್ತೀವಿ, ಬಂದು ಹೇಳಿ" ಎಂದು ಕರೆಸಿದ್ದರು. ಹೋಗಿ ನೋಡಿದರೆ ನಮ್ಮ ಅಡುಗೆಮನೆ ಮಾಯ, ಅಪ್ಪ ಹಾಕಿಸಿದ ಸಿಮೆಂಟು ನೆಲ ಮಾಯ. ಇವರ 'ಹಿಂದೆ' ಎಂದರೆ ಜಪಾನಿಗಳ ಕಾಲವಂತೆ! ಐವತ್ತು ವರ್ಷ ಬಾಳಿದ ನಾವೇನು ಗೆದ್ದಲೇ? ಮೈಯೆಲ್ಲ ಉರಿದುಹೋಯಿತು.

ಉಳಿದಿದ್ದು ಒಂದೇ ಹಲಗೆ. ಜಪಾನಿಗಳು ಹೂದಾನಿ ಇಡುತ್ತಿದ್ದ ಗೋಡೆಗೂಡಿನಲ್ಲಿ ಅಮ್ಮ ನಮ್ಮ ಗತಿಸಿದ ಹಿರಿಯರ ಪೂಜಾಪೀಠ ಇಟ್ಟಿದ್ದಳು. ಎರಡು ಹೊತ್ತಿನ ಊದುಬತ್ತಿಯ ಹೊಗೆಗೆ ಗೂಡಿನ ಮೇಲ್ಚಾವಣಿಯ ಹಲಗೆ ಕಾಡಿಗೆಯ ಹಾಗೆ ಕಪ್ಪಾಗಿತ್ತು. ಅಮ್ಮ ಹೋದಳು, ಪೀಠ ತಮ್ಮನ ಮನೆ ಸೇರಿತು. ಈಗ ಬಡಗಿ ಖೋ ಮೇಸ್ತ್ರಿ ಕೀಸುಳಿ ಹಿಡಿದು ಅದರಡಿ ನಿಂತಿದ್ದ.

"ಅದನ್ನ ಮುಟ್ಟಿದ್ರೆ ನೋಡು! ಅಮ್ಮನದು ಅಂತ ಉಳಿದಿರೋದು ಅದೊಂದೇ," ಎಂದೆ.

"ನನ್ಮೇಲ್ಯಾಕೆ ಹಾರಾಡ್ತೀರಾ ಅಕ್ಕ? ಹಿರಿಯರ ಜಾಗ, ಕೇಳದೆ ನಾನೂ ಮುಟ್ಟಲ್ಲ. ನಿಮ್ಮಮ್ಮನ್ನೇ ಕೇಳಿ."

ಊದುಬತ್ತಿ ಹಚ್ಚಿ ಎರಡು ನಾಣ್ಯ ಕೊಟ್ಟ. ನೆಲಕ್ಕೆ ಹಾಕಿದಾಗ ಒಂದು ಮುಖ, ಒಂದು ಬೆನ್ನು ಬಿದ್ದರೆ ಹೂಂ. ಎರಡೂ ಒಂದೇ ಆದರೆ ಉಹೂಂ. ಸತ್ತವರಿಗೆ ಎಡೆಯಿಟ್ಟು 'ಊಟ ಆಯ್ತಾ' ಎಂದು ನಾವು ಕೇಳುವುದೂ ಹೀಗೇ.

"ಅಮ್ಮಾ, ಹಲಗೆ ಹೀಗೇ ಇರ್ಲಾ?"

ಎರಡೂ ಮುಖ. ಮತ್ತೆ ಹಾಕಿದೆ, ಎರಡೂ ಬೆನ್ನು. ಮೂರನೆಯ ಸಲವೂ ಉಹೂಂ.

"ನಾಣ್ಯಾನೇ ಸರಿಯಿಲ್ಲ," ಎಂದು ಗೊಣಗಿದೆ.

ಮೇಸ್ತ್ರಿ ನಕ್ಕ. "ನಿಮಗೆ ಬೇಕಾದ್ದನ್ನ ಕೇಳಿದ್ರಿ. ಅವರಿಗೇನು ಬೇಕು ಅಂತ ಕೇಳಿದ್ರಾ?"

ಆಗ ನೆನಪಾಯಿತು. ಪ್ರತಿ ವರ್ಷ ಹೊಸವರ್ಷಕ್ಕೆ ಮುಂಚೆ ಪೀಠ ತೊಳೆಯುವ ದಿನ ಅಮ್ಮ ಸ್ಟೂಲ್ ಹತ್ತಿ, ಸೋಡಾ ನೀರಲ್ಲಿ ಬಟ್ಟೆ ಅದ್ದಿ, ಕೈ ಬಿದ್ದುಹೋಗುವಷ್ಟು ಇದೇ ಹಲಗೆಯನ್ನು ಉಜ್ಜುತ್ತಿದ್ದಳು. "ದರಿದ್ರದ್ದು, ಈ ವರ್ಷಾನೂ ಹೋಗ್ಲಿಲ್ಲ! ಬಂದೋರು ಏನಂದ್ಕೋತಾರೆ?" ಎಂದು ಬೈದುಕೊಂಡೇ ಇಳಿಯುತ್ತಿದ್ದಳು.

ನಾಣ್ಯಗಳನ್ನು ಮತ್ತೆ ಎತ್ತಿಕೊಂಡೆ. "ಅಮ್ಮಾ, ಹೆರೆಸಿಬಿಡ್ಲಾ?"

ಹೂಂ. ಹೂಂ. ಮೂರನೆಯದೂ ಹೂಂ.

ಮೇಸ್ತ್ರಿಯ ಎದುರೇ ಜೋರಾಗಿ ಅತ್ತುಬಿಟ್ಟೆ. ನಾನು ಜಗಳವಾಡಿ ಉಳಿಸಲು ಬಂದದ್ದನ್ನು ಅಮ್ಮ ಜೀವಮಾನವಿಡೀ ತೆಗೆಯಲು ಹೆಣಗಿದ್ದಳು. ಅವನು ಕೀಸುಳಿ ಎತ್ತಿ ಕೆಲಸ ಶುರುಮಾಡಿದ. ಕಪ್ಪು ಸುರುಳಿ ಸುರುಳಿಯಾಗಿ ಉದುರಿ, ಒಳಗಿನ ಹೊಂಬಣ್ಣದ ಮರ ಕಾಣತೊಡಗಿತು.

"ಆಯ್ತು ಅಕ್ಕ," ಎಂದು ಕೀಸುಳಿ ಇಳಿಸಿದ.

ನಾನು ಕಣ್ಣೊರೆಸಿಕೊಂಡು ಮೇಲೆ ನೋಡಿದೆ.

"ಏನು ಆಯ್ತು? ಆ ಮೂಲೆ ಹಾಗೇ ಬಿಟ್ಟಿದ್ದೀಯಲ್ಲಪ್ಪ! ಅಮ್ಮ ಮೊದಲು ನೋಡೋದೇ ಮೂಲೆ."